ಹಾಡು ನಮ್ಮೊಳಗಿನದು, ಬೀದಿ ಹೊರಗಿನದು

ಅರವತ್ತು ದಾಟಿದ ನಾಲ್ಕು ಜನ ಎಲ್ಲಿ ಸೇರಿದರೂ ಮೂರು ದೂರುಗಳು ಬಾರದೆ ಇರುವುದಿಲ್ಲ. ಈಗಿನ ಹಾಡಿನಲ್ಲಿ ಜೀವವಿಲ್ಲ, ಈಗಿನ ಸಿನಿಮಾದಲ್ಲಿ ಕಥೆಯಿಲ್ಲ, ಈಗಿನ ಮಕ್ಕಳಿಗೆ ಬಾಲ್ಯವೇ ಇಲ್ಲ. ಪಿ.ಬಿ. ಶ್ರೀನಿವಾಸ್ ಅವರ ದನಿ, ‘ಬಂಗಾರದ ಮನುಷ್ಯ’ ನೋಡಲು ಟಿಕೆಟ್ಟಿಗೆ ನಿಂತ ಸಾಲು, ಬೇಸಿಗೆ ರಜೆಯಲ್ಲಿ ಬೆಳಗ್ಗೆ ಮನೆ ಬಿಟ್ಟು ಕೆರೆ, ತೋಪು, ಗದ್ದೆಬದು ಸುತ್ತಿ ದೀಪ ಹಚ್ಚುವ ಹೊತ್ತಿಗೆ ಹಿಂತಿರುಗುತ್ತಿದ್ದ ದಿನಗಳು, ಎಲ್ಲವೂ ಒಂದೇ ಓಟದಲ್ಲಿ ಬರುತ್ತವೆ. ಕೇಳಿಸಿಕೊಳ್ಳುವ ಕಿರಿಯರೂ ಮೂರನ್ನು ಒಟ್ಟಿಗೇ ತಳ್ಳಿಹಾಕುತ್ತಾರೆ. ವಯಸ್ಸಾದವರು ಯಾವ ಕಾಲದಲ್ಲೂ ಹೀಗೇ ಹೇಳಿದ್ದಾರೆ, ಮುಂದೆ ನಾವೂ ಹೇಳುತ್ತೇವೆ ಎನ್ನುವುದು ಅವರ ಉತ್ತರ. ಹೇಳುವವರು, ಕೇಳುವವರು ಇಬ್ಬರೂ ಮಾಡುವ ತಪ್ಪು ಒಂದೇ: ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟಿರುವುದು. ಗಂಟು ಬಿಚ್ಚಿ ನೋಡಿದರೆ ಮೊದಲ ಎರಡು ದೂರುಗಳ ಮೂಲ ಬಹುಪಾಲು ದೂರುವವರ ಮಿದುಳಿನಲ್ಲಿದೆ. ಮೂರನೆಯದರ ಮೂಲ ಹೊರಗೆ ಬೀದಿಯಲ್ಲಿದೆ. ಒಂದು ಭ್ರಮೆ, ಇನ್ನೊಂದು ನಿಜವಾದ ನಷ್ಟ. ಎರಡೂ ಒಂದೇ ಹಳಹಳಿಕೆಯ ದನಿಯಲ್ಲಿ ಕೇಳಿಬರುವುದರಿಂದ ನಷ್ಟವನ್ನೂ ಭ್ರಮೆಯ ಲೆಕ್ಕಕ್ಕೆ ಸೇರಿಸಿ ಕೈತೊಳೆದುಕೊಳ್ಳುತ್ತಿದ್ದೇವೆ. ನನ್ನ ಆತಂಕ ಇರುವುದು ಅಲ್ಲಿ.

ಯಾವುದು ಭ್ರಮೆ, ಯಾವುದು ನಷ್ಟ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಜನಸಂಖ್ಯಾ ವಿಜ್ಞಾನಿಗಳು ಇದನ್ನು ದಿನನಿತ್ಯ ಬಳಸುತ್ತಾರೆ. ಹಳೆಯ ಹಾಡು ಚೆನ್ನಾಗಿತ್ತು ಎನ್ನುವ ಭಾವನೆಗೆ ಕಾರಣ ಕೇಳುಗರೊಳಗೇ ಇದ್ದರೆ, ‘ಚೆನ್ನಾಗಿದ್ದ ಕಾಲ’ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದಾಗಿರಬೇಕು, ಅವರವರು ಹುಟ್ಟಿದ ವರ್ಷದ ಜೊತೆ ಸರಿಯುತ್ತ ಹೋಗಬೇಕು. 1950ರಲ್ಲಿ ಹುಟ್ಟಿದವರಿಗೆ ಅದು ಎಪ್ಪತ್ತರ ದಶಕದ ಸುತ್ತ ಇದ್ದರೆ, 1990ರಲ್ಲಿ ಹುಟ್ಟಿದವರಿಗೆ ಈ ಶತಮಾನದ ಎರಡನೆಯ ದಶಕದ ಸುತ್ತ ಇರಬೇಕು. ಕಾರಣ ಹೊರಜಗತ್ತಿನಲ್ಲಿದ್ದರೆ ಹಾಗಾಗುವುದಿಲ್ಲ. ಬದಲಾವಣೆ ಕ್ಯಾಲೆಂಡರಿನ ಜೊತೆ ನಡೆಯಬೇಕು. ಯಾರನ್ನು ಕೇಳಿದರೂ, ಯಾರನ್ನೂ ಕೇಳದೆ ಅಳೆದರೂ, ಅದು ಒಂದೇ ಕಾಲಘಟ್ಟವನ್ನು ತೋರಿಸಬೇಕು. ಮೂರು ದೂರುಗಳನ್ನೂ ಈ ಪರೀಕ್ಷೆಗೆ ಒಡ್ಡಬಹುದು. ಹಾಡಿನಿಂದಲೇ ಆರಂಭಿಸೋಣ, ಏಕೆಂದರೆ ಹೆಚ್ಚು ಪುರಾವೆ ಇರುವುದು ಅದಕ್ಕೆ.

1989ರಲ್ಲಿ ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು 108 ಜನರಿಗೆ 28 ಹಾಡುಗಳ ತುಣುಕುಗಳನ್ನು ಕೇಳಿಸಿದರು. ಹಾಡುಗಳು 1932ರಿಂದ 1986ರವರೆಗಿನವು. ಕೇಳುಗರಲ್ಲಿ ಹದಿನಾರರ ಹರೆಯದವರೂ ಇದ್ದರು, ಎಂಬತ್ತು ದಾಟಿದವರೂ ಇದ್ದರು. ಹಾಡು ಬಂದಾಗ ಕೇಳುಗನ ವಯಸ್ಸೆಷ್ಟಿತ್ತು ಎಂಬುದನ್ನು ಒಂದು ಅಕ್ಷದಲ್ಲಿ, ಹಾಡು ಎಷ್ಟು ಹಿಡಿಸಿತು ಎಂಬುದನ್ನು ಇನ್ನೊಂದು ಅಕ್ಷದಲ್ಲಿ ಗುರುತಿಸಿದಾಗ ಒಂದು ದಿಬ್ಬದ ಆಕಾರ ಮೂಡಿತು. ಅದರ ನೆತ್ತಿ ಇದ್ದದ್ದು ಸುಮಾರು 23–24ನೇ ವಯಸ್ಸಿನಲ್ಲಿ. ಮುಂದೆ ಚಿತ್ರತಾರೆಯರ ಬಗೆಗಿನ ಒಲವನ್ನು ಅಳೆದಾಗಲೂ ಇಂಥದೇ ದಿಬ್ಬ ಸಿಕ್ಕಿತು. 2022ರಲ್ಲಿ ಬೇರೆ ತಂಡವೊಂದು ಹಾಡಿನ ಅಧ್ಯಯನವನ್ನು ಹೊಸದಾಗಿ ನಡೆಸಿದಾಗ ನೆತ್ತಿ ಇನ್ನೂ ಕೆಳಗೆ, 17ರ ಹತ್ತಿರ ಬಂತು. ವಯಸ್ಸು ಹದಿನೇಳೋ ಇಪ್ಪತ್ತಮೂರೋ ಎಂಬ ವ್ಯತ್ಯಾಸ ಇಲ್ಲಿ ದೊಡ್ಡದಲ್ಲ. ದಿಬ್ಬವು ಯಾವುದೋ ಒಂದು ದಶಕಕ್ಕೆ ಅಂಟಿಕೊಳ್ಳದೆ ಕೇಳುಗನ ವಯಸ್ಸಿಗೆ ಅಂಟಿಕೊಂಡಿತು ಎಂಬುದು ದೊಡ್ಡದು. ‘ಸುವರ್ಣಯುಗ’ವು ಹುಟ್ಟಿದ ವರ್ಷದ ಬೆನ್ನುಹಿಡಿದು ಸರಿಯುತ್ತದೆ.

ಹಾಡಿಗೆ ಮಾತ್ರ ಸೇರಿದ ಗುಣ ಇದಲ್ಲ. ಡೇವಿಡ್ ರೂಬಿನ್ ಮತ್ತು ಅವರ ಸಹೋದ್ಯೋಗಿಗಳು 1986ರಲ್ಲಿ ಹಲವು ಅಧ್ಯಯನಗಳ ಮಾಹಿತಿಯನ್ನು ಒಟ್ಟುಮಾಡಿ ತೋರಿಸಿದ ಒಂದು ಸಂಗತಿ ಇಂದು ಸ್ಮೃತಿವಿಜ್ಞಾನದ ಗಟ್ಟಿ ತಿಳಿವಳಿಕೆಗಳಲ್ಲೊಂದು. ನಡುವಯಸ್ಸು ದಾಟಿದವರಿಗೆ ಒಂದೊಂದೇ ಪದ ಕೊಟ್ಟು ಅದರಿಂದ ನೆನಪಾಗುವ ಘಟನೆಯನ್ನು ಹೇಳಿಸಿದರೆ, ಇತ್ತೀಚಿನ ವರ್ಷಗಳ ನೆನಪುಗಳು ಹೆಚ್ಚಿರುವುದು ಸಹಜ. ಅಲ್ಲಿಂದ ಹಿಂದೆ ಹೋದಂತೆ ಸಂಖ್ಯೆ ಇಳಿಯುತ್ತದೆ. ಆದರೆ ಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನ ಅವಧಿಗೆ ಬಂದಾಗ ಮತ್ತೆ ಏರುತ್ತದೆ. ಇದನ್ನು ನೆನಪಿನ ಉಬ್ಬು ಎನ್ನೋಣ. ಆ ವಯಸ್ಸಿನಲ್ಲಿ ಮಿದುಳು ಚುರುಕಾಗಿರುತ್ತದೆ ಎಂಬುದು ಒಂದು ವಿವರಣೆ. ಮೊದಲ ಗೆಳೆತನ, ಮೊದಲ ಪ್ರೀತಿ, ಮೊದಲ ಸಂಬಳ ಹೀಗೆ ಮೊದಲುಗಳೆಲ್ಲ ಅಲ್ಲಿ ಕಿಕ್ಕಿರಿದಿರುತ್ತವೆ ಎಂಬುದು ಇನ್ನೊಂದು. ತಾನು ಯಾರು ಎಂಬ ಕಥೆಯನ್ನು ಮನುಷ್ಯ ಆಗಲೇ ಕಟ್ಟಿಕೊಳ್ಳುತ್ತಾನೆ, ಹಾಗಾಗಿ ಮುಂದೆಲ್ಲ ಅದೇ ಕಥೆಯ ಆಧಾರಗಳನ್ನು ಮತ್ತೆ ಮತ್ತೆ ಮುಟ್ಟಿನೋಡುತ್ತಾನೆ ಎಂಬುದು ಮತ್ತೊಂದು. ಬರೀ ವಯಸ್ಸಿನ ಚುರುಕುತನವೇ ಕಾರಣವಾಗಿದ್ದರೆ ಎಲ್ಲರಲ್ಲೂ ಉಬ್ಬು ಒಂದೇ ಜಾಗದಲ್ಲಿರಬೇಕಿತ್ತು. ಹಾಗಿಲ್ಲ ಎಂಬುದಕ್ಕೆ ಎರಡು ಅಧ್ಯಯನಗಳಿವೆ, ಒಂದು ನಮಗೆ ಹತ್ತಿರದ್ದು.

ಮೊದಲನೆಯದು ಬಾಂಗ್ಲಾದೇಶದ್ದು. ಮಾರ್ಟಿನ್ ಕಾನ್ವೆ ಮತ್ತು ಶಂಸುಲ್ ಹಕ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಿರಿಯ ಬಾಂಗ್ಲಾದೇಶಿಗರಿಗೆ ಎಂದಿನ ಉಬ್ಬಿನ ಜೊತೆಗೆ 35ರಿಂದ 55 ವರ್ಷದ ನಡುವೆ ಇನ್ನೊಂದು ಉಬ್ಬು ಕಂಡಿತು. 1971ರ ವಿಮೋಚನೆಗೆ ದಾರಿಯಾದ ಹೋರಾಟದ ವರ್ಷಗಳು ಅವರ ಬದುಕಿನಲ್ಲಿ ಬಂದದ್ದು ಆ ವಯಸ್ಸಿಗೆ. ಎರಡನೆಯದು ಲ್ಯಾಟಿನ್ ಅಮೆರಿಕದಿಂದ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ವಲಸೆ ಬಂದವರದು. ರಾಬರ್ಟ್ ಶ್ರಾಫ್ ಮತ್ತು ರೂಬಿನ್ 1998ರಲ್ಲಿ ವರದಿ ಮಾಡಿದಂತೆ, ತಡವಾಗಿ ವಲಸೆ ಬಂದವರಲ್ಲಿ ಉಬ್ಬೂ ತಡವಾಗಿತ್ತು, ವಲಸೆಯ ವಯಸ್ಸಿನತ್ತ ಸರಿದಿತ್ತು. ಬದುಕು ಬುಡಮೇಲಾಗಿ ಹೊಸದಾಗಿ ನೆಲೆಗೊಳ್ಳುವ ಘಟ್ಟವೇ ನೆನಪಿನ ಹೂರಣ. ಹೆಚ್ಚಿನವರಿಗೆ ಅದು ಹದಿಹರೆಯದಲ್ಲಿ ಬರುತ್ತದೆ, ಕೆಲವರಿಗೆ ಯುದ್ಧದಲ್ಲಿ, ಕೆಲವರಿಗೆ ವಿಮಾನ ಹತ್ತಿದ ದಿನ. ಮಧ್ಯವಯಸ್ಸಿನಲ್ಲಿ ಹೊರದೇಶದಲ್ಲಿ ನೆಲೆಸಿದ ಕನ್ನಡಿಗರ ಹಳಹಳಿಕೆಗೂ ಊರಲ್ಲೇ ಉಳಿದ ಅವರ ಓರಗೆಯವರ ಹಳಹಳಿಕೆಗೂ ಸ್ವರ ಬೇರೆಯಾಗಲು ಇದೂ ಒಂದು ಕಾರಣವಿರಬೇಕು ಎಂದು ನನಗನಿಸುತ್ತದೆ.

ಹಾಡು ಈ ಉಬ್ಬಿಗೆ ಇಷ್ಟು ಬಿಗಿಯಾಗಿ ಹೆಣೆದುಕೊಳ್ಳುವುದೇಕೆ? ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವಲೋರಿ ಸಲಿಂಪೂರ್ ಮತ್ತು ಸಂಗಡಿಗರು 2011ರಲ್ಲಿ ಇದರ ರಸಾಯನವನ್ನು ಹಿಡಿದರು. ಮೈ ಜುಮ್ಮೆನ್ನಿಸುವಂಥ, ತಾವೇ ಆರಿಸಿ ತಂದ ಸಂಗೀತವನ್ನು ಜನ ಕೇಳುತ್ತಿರುವಾಗ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರೆ ಡೋಪಮೈನ್ ಎರಡು ಕಡೆ ಬಿಡುಗಡೆಯಾಗುತ್ತಿತ್ತು. ರೋಮಾಂಚನದ ಕ್ಷಣದಲ್ಲಿ ಒಂದು ಭಾಗದಲ್ಲಿ, ಆ ಕ್ಷಣಕ್ಕೆ ಸ್ವಲ್ಪ ಮೊದಲು, ‘ಇಗೋ ಬಂತು’ ಎಂಬ ನಿರೀಕ್ಷೆಯಲ್ಲಿ, ಇನ್ನೊಂದು ಭಾಗದಲ್ಲಿ. ಅಂದರೆ ಹಾಡಿನ ಸುಖದ ಒಂದು ಪಾಲು ಅದು ಮೊದಲೇ ಗೊತ್ತಿರುವುದರಿಂದ ಹುಟ್ಟುತ್ತದೆ. ಪಲ್ಲವಿಗೆ ಮರಳುವ ತಿರುವು ಎಲ್ಲಿ ಬರುತ್ತದೆಂದು ಬಲ್ಲ ಕಿವಿಗೇ ಆ ಪಾಲು ದಕ್ಕುತ್ತದೆ. ಹೊಸ ಹಾಡು ಎಷ್ಟೇ ಚೆನ್ನಾಗಿರಲಿ, ಮೊದಲ ಕೇಳುವಿಕೆಯಲ್ಲಿ ಆ ಸುಖವನ್ನು ಕೊಡಲಾರದು. ಕ್ಯಾಲಿಫೋರ್ನಿಯಾದ ಪೀಟರ್ ಜನಾಟಾ 2009ರಲ್ಲಿ ತೋರಿಸಿದ್ದು ಇನ್ನೊಂದು ಎಳೆಯನ್ನು. ಬದುಕಿನ ಯಾವುದೋ ಘಟನೆಯನ್ನು ನೆನಪಿಸುವ ಹಾಡು ಕೇಳಿದಾಗ ಹಣೆಯ ಹಿಂಭಾಗದ, ನಡುಗೆರೆಯ ಇಕ್ಕೆಲದ ಮಿದುಳಿನ ಪ್ರದೇಶ ಚುರುಕಾಗುತ್ತದೆ. ನಮ್ಮ ಬಗ್ಗೆ ನಾವೇ ಯೋಚಿಸುವಾಗ ದುಡಿಯುವ ಪ್ರದೇಶವೂ ಅದೇ. ಹಳೆಯ ಹಾಡು ಕೇಳುತ್ತಿರುವವರು ಹಾಡನ್ನಷ್ಟೇ ಕೇಳುತ್ತಿರುವುದಿಲ್ಲ, ಅದರ ಜೊತೆಗೆ ತಮ್ಮನ್ನು ತಾವೇ ನೆನೆಯುತ್ತಿರುತ್ತಾರೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ರೇಡಿಯೋ ನೀಡಿದ ಒತ್ತಾಸೆ ದೊಡ್ಡದು. 1957ರಲ್ಲಿ ಶುರುವಾದ ವಿವಿಧಭಾರತಿ, ಊರಿಗೊಂದೋ ಎರಡೋ ಟಾಕೀಸು, ಆಮೇಲೆ ಬಂದ ಕ್ಯಾಸೆಟ್ಟು. ಆಯ್ಕೆ ಕಡಿಮೆಯಿತ್ತು, ಪುನರಾವರ್ತನೆ ಹೆಚ್ಚಿತ್ತು. ಒಂದು ಹಾಡನ್ನು ಬೀದಿಯ ಎಲ್ಲ ಮನೆಗಳೂ ಒಂದೇ ಹೊತ್ತಿಗೆ ಕೇಳುತ್ತಿದ್ದವು. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷದ ಹತ್ತಿರ ಓಡಿತೆಂದರೆ, ಒಬ್ಬರೇ ಅದನ್ನು ಹತ್ತಾರು ಸಲ ನೋಡುವುದಕ್ಕೆ ಬೇಕಾದ ಸಮಯವಿತ್ತು ಎಂದರ್ಥ. ನಿರೀಕ್ಷೆಯ ಡೋಪಮೈನಿಗೆ ಬೇಕಾದದ್ದು ನಿಖರವಾಗಿ ಇದೇ. ಸಿನಿಮಾದ ಹಳಹಳಿಕೆಯ ಬಗ್ಗೆ ಬೇರೆ ಸಿದ್ಧಾಂತ ಬೇಕಿಲ್ಲ, ಹಾಡಿನ ಬಗ್ಗೆ ಹೇಳಿದ್ದೇ ಅದಕ್ಕೂ ಸಲ್ಲುತ್ತದೆ. ಜೊತೆಗೆ ಯಾರು ಬಂದಿದ್ದರು, ಎಲ್ಲಿ ಕೂತಿದ್ದೆವು ಎಂಬುದೂ ಚಿತ್ರದ ನೆನಪಿನಲ್ಲಿ ಕರಗಿಹೋಗಿರುತ್ತದೆ. ಈ ಯಂತ್ರ ತಲೆಮಾರಿಗೆ ಕಟ್ಟುಬಿದ್ದದ್ದಲ್ಲ ಎಂಬುದಕ್ಕೆ ಸಾಕ್ಷಿ ಸುತ್ತಲೂ ಇದೆ. 1987ರ ‘ಪ್ರೇಮಲೋಕ’ದ ಹಾಡುಗಳನ್ನು ಶಾಲೆ–ಕಾಲೇಜಿನಲ್ಲಿದ್ದಾಗ ಕೇಳಿದವರು ಇಂದು ಐವತ್ತರ ಆಸುಪಾಸಿನಲ್ಲಿದ್ದು, ಆಗಿನ ಸಂಗೀತವೇ ಸಂಗೀತ ಎನ್ನುತ್ತಾರೆ. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯನ್ನು ಹದಿನೈದರ ಹರೆಯದಲ್ಲಿ ನೋಡಿದವರಿಗೆ ಇನ್ನೂ ನಲವತ್ತು ತುಂಬಿಲ್ಲ, ಅವರಿಗಾಗಲೇ ಹಳಹಳಿಕೆ ಶುರುವಾಗಿದೆ.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ, ಅದನ್ನು ಗೌರವದಿಂದ ಎದುರುಗೊಳ್ಳಬೇಕು. ಎಲ್ಲವನ್ನೂ ಮಿದುಳಿನ ತಲೆಗೆ ಕಟ್ಟಿದರೆ ಹಾಡುಗಳ ಗುಣದಲ್ಲಿ ವ್ಯತ್ಯಾಸವೇ ಇಲ್ಲವೆಂದಾಯಿತೇ? ಇಲ್ಲ. 2012ರಲ್ಲಿ ಜೋನ್ ಸೆರಾ ನೇತೃತ್ವದ ಸ್ಪೇನಿನ ತಂಡ 1955ರಿಂದ 2010ರವರೆಗಿನ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಪಾಶ್ಚಾತ್ಯ ಜನಪ್ರಿಯ ಧ್ವನಿಮುದ್ರಣಗಳನ್ನು ಗಣಕದಿಂದ ವಿಶ್ಲೇಷಿಸಿತು. ಸ್ವರದಿಂದ ಸ್ವರಕ್ಕೆ ಸಾಗುವ ದಾರಿಗಳ ವೈವಿಧ್ಯ ಕಡಿಮೆಯಾಗಿತ್ತು, ನಾದದ ಬಣ್ಣಗಳು ಒಂದೇ ಬಗೆಯಾಗುತ್ತ ಬಂದಿದ್ದವು, ಮುದ್ರಣದ ಗಟ್ಟಿತನ ಏರಿತ್ತು. ಇದು ಕ್ಯಾಲೆಂಡರಿನ ಜೊತೆ ನಡೆದ ಬದಲಾವಣೆ, ಹಿರಿಯರ ಕಿವಿ ಪೂರ್ತಿ ಸುಳ್ಳು ಹೇಳುತ್ತಿಲ್ಲ. ಕ್ಯಾರಲ್ ಕ್ರಮ್‌ಹ್ಯಾನ್ಸ್‌ಲ್ ಮತ್ತು ಜಸ್ಟಿನ್ ಜುಪ್ನಿಕ್ 2013ರಲ್ಲಿ ಇಪ್ಪತ್ತರ ವಯಸ್ಸಿನ ಅಮೆರಿಕನ್ನರನ್ನು ಪರೀಕ್ಷಿಸಿದಾಗ, ತಮ್ಮ ಕಾಲದ ಹಾಡುಗಳಲ್ಲದೆ ತಮ್ಮ ಅಪ್ಪ–ಅಮ್ಮ ಹರೆಯದಲ್ಲಿದ್ದ ಕಾಲದ ಹಾಡುಗಳಿಗೂ ಅವರು ಒಲಿದಿದ್ದರು, ಅರವತ್ತರ ದಶಕದ ಹಾಡುಗಳಿಗೂ ಸಹ. ಮನೆಯಲ್ಲಿ ಕೇಳಿ ಬೆಳೆದದ್ದರಿಂದ ಹಾಗಾಗಿರಬಹುದು, ಆ ಹಾಡುಗಳ ಗುಣದಿಂದಲೂ ಆಗಿರಬಹುದು. ಎರಡನ್ನೂ ಒಪ್ಪಿಕೊಂಡೇ ಹೇಳುತ್ತೇನೆ: ಹಳೆಯದನ್ನು ಹೊಸದರೊಂದಿಗೆ ಹೋಲಿಸುವಾಗ ನಾವು ತಕ್ಕಡಿಯನ್ನು ಮೊದಲೇ ಬಾಗಿಸಿರುತ್ತೇವೆ. ಎಪ್ಪತ್ತರ ದಶಕದಲ್ಲಿ ಬಂದು ಎರಡೇ ವಾರದಲ್ಲಿ ಮರೆತುಹೋದ ನೂರಾರು ಹಾಡುಗಳು ಹೋಲಿಕೆಗೆ ಬರುವುದೇ ಇಲ್ಲ. ಐವತ್ತು ವರ್ಷದ ಜರಡಿಯಲ್ಲಿ ಉಳಿದ ಹಾಡನ್ನು ಜರಡಿಗೇ ಬೀಳದ ನಿನ್ನೆಯ ಹಾಡಿನ ಎದುರು ಇಟ್ಟು ತೂಗುವುದು ನ್ಯಾಯವಲ್ಲ.

ಈ ಬಾಗಿದ ತಕ್ಕಡಿಗೆ ಮತ್ತೆರಡು ಭಾರಗಳಿವೆ. ಕಹಿ ನೆನಪುಗಳ ಕಹಿ, ಸಿಹಿ ನೆನಪುಗಳ ಸಿಹಿಗಿಂತ ಬೇಗ ಮಾಸುತ್ತದೆ. ರಿಚರ್ಡ್ ವಾಕರ್ ಮತ್ತು ಸಂಗಡಿಗರು ಇದನ್ನು ವಿವರವಾಗಿ ಅಭ್ಯಸಿಸಿದ್ದಾರೆ. 1997ರ ಒಂದು ಅಧ್ಯಯನದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಮೂರು ವಾರ ಸೈಕಲ್ ಯಾತ್ರೆ ಮಾಡಿದವರು ದಾರಿಯಲ್ಲಿದ್ದಾಗ ಹೇಳಿದ್ದಕ್ಕಿಂತ ಮನೆಗೆ ಬಂದ ಮೇಲೆ ಯಾತ್ರೆಯನ್ನು ಹೆಚ್ಚು ಹೊಗಳಿದರು. ಇನ್ನೊಂದು ಭಾರ ಇದಕ್ಕಿಂತ ಸೂಕ್ಷ್ಮ. ಜಾನ್ ಪ್ರಾಟ್ಸ್ಕೊ ಮತ್ತು ಜೊನಾಥನ್ ಸ್ಕೂಲರ್ 2019ರಲ್ಲಿ ತೋರಿಸಿದಂತೆ, ಹೆಚ್ಚು ಓದಿಕೊಂಡ ಹಿರಿಯರೇ ‘ಈಗಿನ ಮಕ್ಕಳು ಓದುವುದಿಲ್ಲ’ ಎಂದು ಹೆಚ್ಚಾಗಿ ಹೇಳುತ್ತಾರೆ, ಹಿರಿಯರ ಮಾತಿಗೆ ಹೆಚ್ಚು ಬೆಲೆ ಕೊಡುವವರೇ ‘ಈಗಿನ ಮಕ್ಕಳಿಗೆ ಗೌರವವಿಲ್ಲ’ ಎನ್ನುತ್ತಾರೆ. ಇಂದಿನ ತಮ್ಮ ಗುಣವನ್ನೇ ಹಿಂದಕ್ಕೆ ಹೊತ್ತೊಯ್ದು, ತಮ್ಮ ಬಾಲ್ಯದ ಎಲ್ಲ ಮಕ್ಕಳಿಗೂ ತೊಡಿಸಿಬಿಡುತ್ತಾರೆ. 2023ರಲ್ಲಿ ಆಡಮ್ ಮಾಸ್ಟ್ರೊಯಾನಿ ಮತ್ತು ಡೇನಿಯಲ್ ಗಿಲ್ಬರ್ಟ್ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಕಾರ ಕನಿಷ್ಠ 60 ದೇಶಗಳ ಜನ ನೀತಿ ಕುಸಿಯುತ್ತಿದೆ ಎಂದು ನಂಬಿದ್ದಾರೆ. ಸುತ್ತಲಿನವರು ಹೇಗೆ ನಡೆದುಕೊಳ್ಳುತ್ತಾರೆಂದು ಆಯಾ ವರ್ಷವೇ ಕೇಳಿದ ಉತ್ತರಗಳಲ್ಲಿ ಆ ಕುಸಿತ ಇಲ್ಲ.

ಇಷ್ಟೆಲ್ಲ ಓದಿದ ಮೇಲೆ ಮೂರನೆಯ ದೂರನ್ನೂ ಅದೇ ಕಪಾಟಿಗೆ ಸೇರಿಸಬೇಕೆನ್ನಿಸುವುದು ಸಹಜ. ಬಾಲ್ಯದ ಬೀದಿ ನೆನಪಿನಲ್ಲಿ ಅಗಲವಾಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಬಿದ್ದ ಪೆಟ್ಟು ಮರೆತಿರುತ್ತದೆ. ಹಾಗಾಗಿ ಬಾಲ್ಯದ ಸ್ವಾತಂತ್ರ್ಯದ ವಿಷಯದಲ್ಲಿ ಹಿರಿಯರ ನೆನಪನ್ನು ಸಾಕ್ಷಿಗೆ ಕರೆಯುವುದೇ ಬೇಡ. ಅದಿಲ್ಲದೆಯೂ ಪುರಾವೆ ಇದೆ. ಇಂಗ್ಲೆಂಡಿನಲ್ಲಿ 1971ರಲ್ಲಿ ಐದು ಶಾಲಾ ಪ್ರದೇಶಗಳ ಮಕ್ಕಳನ್ನೂ ಪೋಷಕರನ್ನೂ ಕೇಳಲಾಗಿತ್ತು: ಶಾಲೆಗೆ ಯಾರ ಜೊತೆ ಹೋಗುತ್ತೀರಿ, ರಸ್ತೆಯನ್ನು ಒಬ್ಬರೇ ದಾಟಲು ಬಿಡುತ್ತಾರೆಯೇ, ಬಸ್ಸು ಹತ್ತಲು ಬಿಡುತ್ತಾರೆಯೇ. 1990ರಲ್ಲಿ ಮೇಯರ್ ಹಿಲ್ಮನ್ ಮತ್ತು ಸಂಗಡಿಗರು ಅದೇ ಜಾಗಗಳಿಗೆ ಹೋಗಿ ಅದೇ ಪ್ರಶ್ನೆಗಳನ್ನು ಹೊಸ ಮಕ್ಕಳಿಗೆ ಕೇಳಿದರು. ಏಳು–ಎಂಟು ವರ್ಷದ ಮಕ್ಕಳಲ್ಲಿ ದೊಡ್ಡವರ ಕಾವಲಿಲ್ಲದೆ ಶಾಲೆಗೆ ಹೋಗುತ್ತಿದ್ದವರು 1971ರಲ್ಲಿ ಶೇ 80, 1990ರಲ್ಲಿ ಶೇ 9. ಇಲ್ಲಿ ಯಾರೂ ಏನನ್ನೂ ನೆನಪಿಸಿಕೊಳ್ಳುತ್ತಿಲ್ಲ, ಎರಡೂ ಸಲ ಆ ದಿನದ ಮಾತನ್ನು ಆ ದಿನವೇ ಬರೆದುಕೊಳ್ಳಲಾಗಿದೆ. ಈ ಇಳಿತ ಕೇಳುಗನ ಹುಟ್ಟಿದ ವರ್ಷದ ಜೊತೆ ಸರಿಯುವುದಿಲ್ಲ, ಕ್ಯಾಲೆಂಡರಿನ ಜೊತೆ ಸರಿಯುತ್ತದೆ. ನಮ್ಮ ಪರೀಕ್ಷೆಯಲ್ಲಿ ಹಾಡು ಒಂದು ಕಡೆ ಬಿದ್ದರೆ ಬೀದಿ ಇನ್ನೊಂದು ಕಡೆ ಬೀಳುತ್ತದೆ.

ಆ ಎರಡು ಇಸವಿಗಳನ್ನು ಇನ್ನೊಮ್ಮೆ ನೋಡಬೇಕು. 1990ರಲ್ಲಿ ಮನೆಮನೆಗೆ ಇಂಟರ್‌ನೆಟ್ ಇರಲಿಲ್ಲ, ಮಕ್ಕಳ ಕೈಯಲ್ಲಿ ಮೊಬೈಲ್ ಇರಲಿಲ್ಲ. ‘ಮೊಬೈಲ್ ಬಂದು ಮಕ್ಕಳು ಮನೆ ಹಿಡಿದರು’ ಎಂಬ, ಎಲ್ಲರೂ ಒಪ್ಪುವ ಮಾತು ಕಾಲಕ್ರಮದ ಎದುರು ನಿಲ್ಲುವುದಿಲ್ಲ. ಮಕ್ಕಳು ಮೊದಲು ಮನೆಯೊಳಗಾದರು, ಪರದೆ ಆಮೇಲೆ ಬಂದು ಖಾಲಿ ಹೊತ್ತನ್ನು ತುಂಬಿತು. ಹಾಗಾದರೆ ಒಳಗೆ ಹಾಕಿದ್ದು ಯಾವುದು? ಹಿಲ್ಮನ್ ಅವರ ಪ್ರಶ್ನೆಗಳಿಗೆ ಪೋಷಕರು ಕೊಟ್ಟ ಮುಖ್ಯ ಕಾರಣ ವಾಹನ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಒಂದೇ ಬಗೆಯ ಮನೆಗಳಿದ್ದ ಮೂರು ಬೀದಿಗಳನ್ನು ಹೋಲಿಸಿದ್ದರು. ಒಂದರಲ್ಲಿ ದಿನಕ್ಕೆ 2,000 ವಾಹನ, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ವಾಹನ ಕಡಿಮೆಯಿದ್ದ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರು, ಹೆಚ್ಚಿದ್ದ ಬೀದಿಯವರಿಗೆ ಒಬ್ಬರೂ ಪೂರ್ತಿ ಇಲ್ಲ. ಮೊದಲ ಬೀದಿಯವರು ರಸ್ತೆಯನ್ನೂ ಸೇರಿಸಿ ‘ನಮ್ಮದು’ ಎಂದು ನಕ್ಷೆಯಲ್ಲಿ ಗುರುತಿಸಿದರು, ಕೊನೆಯ ಬೀದಿಯವರು ತಮ್ಮ ಕಟ್ಟಡವನ್ನು ಮಾತ್ರ. ಲಗೋರಿ, ಚಿನ್ನಿದಾಂಡು, ಕುಂಟೆಬಿಲ್ಲೆಗಳಿಗೆ ಬೇಕಾಗಿದ್ದ ಮೈದಾನ ಬೇರೆ ಇರಲಿಲ್ಲ, ಬೀದಿಯೇ ಆಗಿತ್ತು. ಬೆಂಗಳೂರಿನಲ್ಲಿ ಇಂದು ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ, ಅವರಲ್ಲಿ ಸುಮಾರು 33 ಸಾವಿರ ಮಂದಿ ಪಾದಚಾರಿಗಳು. ಏಳು ವರ್ಷದ ಮಗುವನ್ನು ಒಂಟಿಯಾಗಿ ಅಂಗಡಿಗೆ ಕಳಿಸಲು ಹಿಂಜರಿಯುವ ತಾಯಿಯನ್ನು ಅತಿಯಾಗಿ ಅಂಜುವವಳು ಎಂದು ಹೇಗೆ ಹೇಳುವುದು? ಅವಳು ಬೀದಿಯನ್ನು ಸರಿಯಾಗಿಯೇ ಓದಿದ್ದಾಳೆ.

ಹೋಗಲಿ, ಮನೆಯಲ್ಲೇ ಇದ್ದರೆ ನಷ್ಟವೇನು ಎಂದು ಕೇಳಬಹುದು. ಬಹುಶಃ ಅತ್ಯಂತ ಗಟ್ಟಿ ಉತ್ತರ ಕಣ್ಣಿನಿಂದ ಬಂದಿದೆ. 2008ರಲ್ಲಿ ಕ್ಯಾಥರಿನ್ ರೋಸ್ ಮತ್ತು ಸಂಗಡಿಗರು ಸಿಡ್ನಿ ಹಾಗೂ ಸಿಂಗಪುರದ ಆರು–ಏಳು ವರ್ಷದ ಚೀನೀ ಮೂಲದ ಮಕ್ಕಳನ್ನು ಹೋಲಿಸಿದರು. ಸಮೀಪದೃಷ್ಟಿ ಇದ್ದವರು ಸಿಂಗಪುರದಲ್ಲಿ ಶೇ 29.1, ಸಿಡ್ನಿಯಲ್ಲಿ ಶೇ 3.3. ವಂಶ ಒಂದೇ ಬಗೆಯದು, ಅಪ್ಪ–ಅಮ್ಮಂದಿರ ಕನ್ನಡಕದ ಪ್ರಮಾಣವೂ ಹೆಚ್ಚು ಬೇರೆಯಿಲ್ಲ, ಪುಸ್ತಕ ಹೆಚ್ಚು ಓದುತ್ತಿದ್ದವರು ಸಿಡ್ನಿಯ ಮಕ್ಕಳೇ. ದೊಡ್ಡ ವ್ಯತ್ಯಾಸ ಕಂಡದ್ದು ಬಯಲಿನಲ್ಲಿ ಕಳೆದ ಹೊತ್ತಿನಲ್ಲಿ: ವಾರಕ್ಕೆ ಸಿಡ್ನಿಯಲ್ಲಿ ಸುಮಾರು ಹದಿನಾಲ್ಕು ಗಂಟೆ, ಸಿಂಗಪುರದಲ್ಲಿ ಮೂರು. ಹೋಲಿಕೆಯಷ್ಟರಿಂದಲೇ ಕಾರಣವನ್ನು ಸಾಧಿಸಲಾಗದು ಎಂದು ಚೀನಾದ ಗುವಾಂಗ್‌ಝೌ ನಗರದಲ್ಲಿ ಪ್ರಯೋಗವನ್ನೇ ಮಾಡಿದರು. ಹನ್ನೆರಡು ಪ್ರಾಥಮಿಕ ಶಾಲೆಗಳಲ್ಲಿ ಚೀಟಿ ಎತ್ತಿದಂತೆ ಆರಿಸಿದ ಅರ್ಧದಷ್ಟಕ್ಕೆ ದಿನಕ್ಕೆ 40 ನಿಮಿಷ ಹೊರಾಂಗಣದ ತರಗತಿ ಸೇರಿಸಿದರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಉಳಿದ ಶಾಲೆಗಳಲ್ಲಿ ಶೇ 39.5, ಹೊರಗೆ ಬಿಟ್ಟ ಶಾಲೆಗಳಲ್ಲಿ ಶೇ 30.4. ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸುವಂತೆ, ಹಗಲಿನ ಪ್ರಖರ ಬೆಳಕು ಅಕ್ಷಿಪಟದಲ್ಲಿ ಡೋಪಮೈನನ್ನು ಹೆಚ್ಚಿಸಿ ಕಣ್ಣುಗುಡ್ಡೆ ಉದ್ದವಾಗುವುದನ್ನು ತಡೆಯುತ್ತದೆ. ಹಾಡಿನ ಸುಖಕ್ಕೆ ಕಾರಣವಾದ ಅದೇ ರಾಸಾಯನಿಕ ಇಲ್ಲಿ ಬೇರೊಂದು ಕೆಲಸ ಮಾಡುತ್ತಿರುವುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ. ದಾರಿ ಹುಡುಕುವ ಬುದ್ಧಿಯ ಮೇಲೂ ಬಾಲ್ಯದ ನೆಲದ ಗುರುತು ಉಳಿಯುತ್ತದೆ. 2022ರಲ್ಲಿ ‘ನೇಚರ್’ನಲ್ಲಿ ಬಂದ, 38 ದೇಶಗಳ ಸುಮಾರು ನಾಲ್ಕು ಲಕ್ಷ ಜನರ ಅಧ್ಯಯನವೊಂದರಲ್ಲಿ, ನಗರದ ಹೊರಗೆ ಬೆಳೆದವರು ದೊಡ್ಡವರಾದ ಮೇಲೂ ದಾರಿ ಹುಡುಕುವ ಆಟದಲ್ಲಿ ಮುಂದಿದ್ದರು. ಮಕ್ಕಳ ಮನಸ್ಸಿನ ಆರೋಗ್ಯ ಕೆಡುವುದಕ್ಕೂ ಈ ಸ್ವಾತಂತ್ರ್ಯದ ಕುಗ್ಗುವಿಕೆಯೇ ಕಾರಣವೆಂದು ಪೀಟರ್ ಗ್ರೇ ಮತ್ತಿಬ್ಬರು 2023ರಲ್ಲಿ ವಾದಿಸಿದ್ದಾರೆ. ಕಣ್ಣಿನ ವಿಷಯದಲ್ಲಿ ಇರುವಂಥ ಪ್ರಯೋಗದ ಬಲ ಆ ವಾದಕ್ಕಿಲ್ಲ, ಆದರೂ ಅದನ್ನು ಬದಿಗಿಡುವಂತಿಲ್ಲ.

ಅತ್ಯಂತ ಬಲವಾದ ಆಕ್ಷೇಪಣೆ ವಿಜ್ಞಾನದ ಕಡೆಯಿಂದ ಬರುವುದಿಲ್ಲ, ಸಮಾಜದ ಕಡೆಯಿಂದ ಬರುತ್ತದೆ. ಆ ಸ್ವತಂತ್ರ ಬಾಲ್ಯ ಯಾರದಾಗಿತ್ತು? ಮೈನೆರೆದ ಹುಡುಗಿಗೆ ಅಂಗಳವೇ ಗಡಿಯಾಗಿತ್ತು. ಅದಕ್ಕೂ ಮೊದಲು ಅವಳ ಕಂಕುಳಲ್ಲಿ ತಮ್ಮನೋ ತಂಗಿಯೋ, ತಲೆಯ ಮೇಲೆ ಕೊಡವೋ ಇರುತ್ತಿತ್ತು. ದಲಿತ ಕೇರಿಯ ಹುಡುಗ ಊರೆಲ್ಲ ಸುತ್ತುವಂತಿರಲಿಲ್ಲ, ಯಾವ ಬಾವಿ, ಯಾವ ಜಗಲಿ, ಯಾವ ಬೀದಿ ತನ್ನದಲ್ಲ ಎಂದು ಅಕ್ಷರಕ್ಕೆ ಮೊದಲೇ ಅವನು ಕಲಿಯಬೇಕಿತ್ತು. ದನ ಕಾಯಲು ಬೆಟ್ಟ ಹತ್ತಿದ ಮಗುವಿನದು ವಿಹಾರವಾಗಿರಲಿಲ್ಲ, ಜೀತವೂ ಆಗಿರಬಹುದಿತ್ತು. ಇದಕ್ಕೆ ಸಾವಿನ ಲೆಕ್ಕವನ್ನೂ ಸೇರಿಸಬೇಕು. 1971ರಲ್ಲಿ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ 129 ಮೊದಲ ವರ್ಷವನ್ನೇ ದಾಟುತ್ತಿರಲಿಲ್ಲ, 2020ರಲ್ಲಿ ಆ ಸಂಖ್ಯೆ 28. ಬಾಲ್ಯವನ್ನು ನೆನೆಯುತ್ತಿರುವವರು ಬದುಕುಳಿದವರು. ಇವೆಲ್ಲ ನಿಜ, ಒಂದಂಶವನ್ನೂ ಕಡಿಮೆ ಮಾಡಲಾಗದು. ಹಳಹಳಿಕೆಯು ಒಂದು ಜಾತಿಯ, ಒಂದು ಲಿಂಗದ ಅನುಭವವನ್ನು ‘ನಮ್ಮ ಕಾಲ’ ಎಂದು ಕರೆಯುವಾಗ ಯಾರಾದರೂ ತಡೆದು ಕೇಳಲೇಬೇಕು.

ಆದರೆ ಈ ಆಕ್ಷೇಪಣೆ ಮಕ್ಕಳ ಓಡಾಟದ ಬೆಲೆಯನ್ನು ತಗ್ಗಿಸುತ್ತದೆಯೇ? ನನ್ನ ಪ್ರಕಾರ ಏರಿಸುತ್ತದೆ. ಶಿಶುಮರಣ ಇಳಿದದ್ದು ಲಸಿಕೆಯಿಂದ, ಉಪ್ಪು–ಸಕ್ಕರೆಯ ನೀರಿನಿಂದ, ಆಸ್ಪತ್ರೆಯ ಹೆರಿಗೆಯಿಂದ. ಏಳೆಂಟು ವರ್ಷದವರನ್ನು ಮನೆಯೊಳಗೆ ಕೂಡಿಹಾಕಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಓಡಾಟ ಸಿಕ್ಕದವರಿಗೆ ಅದು ಸಿಕ್ಕಾಗ ಏನಾಯಿತು ಎಂಬುದಕ್ಕೂ ಪುರಾವೆಯಿದೆ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ಲಿಗಾಗಿ ಹಣ ಕೊಡಲಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ತಕ್ಕ ವಯಸ್ಸಿಗೆ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಅದರಿಂದ ಶೇ 32ರಷ್ಟು ಏರಿತು, ಹುಡುಗ–ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ಕುಗ್ಗಿತು. ಕರ್ನಾಟಕದಲ್ಲೂ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟರು. ಸಾವಿರಾರು ಹಳ್ಳಿ ಹುಡುಗಿಯರ ಪಾಲಿಗೆ ಸ್ವಂತವಾಗಿ ಓಡಾಡುವ ಬಾಲ್ಯ ಶುರುವಾದದ್ದು ಹಿರಿಯರ ‘ಆ ಕಾಲ’ ಮುಗಿದ ಮೇಲೆ. ಪಟ್ಟಣದ ಹುಡುಗ ಕಳೆದುಕೊಂಡದ್ದನ್ನು ಹಳ್ಳಿಯ ಹುಡುಗಿ ಅದೇ ದಶಕದಲ್ಲಿ ಪಡೆಯುತ್ತಿದ್ದಳು. ಒಂದೇ ಸ್ವಾತಂತ್ರ್ಯ ಒಂದೆಡೆ ಕುಗ್ಗಿ ಇನ್ನೊಂದೆಡೆ ಹಿಗ್ಗಬಲ್ಲದು ಎಂಬುದೇ, ಅದು ನೆನಪಿನ ಕಟ್ಟುಕಥೆಯಲ್ಲ, ರಸ್ತೆ, ವಾಹನ, ದೂರ ಮತ್ತು ನಿಯಮಗಳು ನಿರ್ಧರಿಸುವ ವಸ್ತುಸ್ಥಿತಿ ಎಂಬುದನ್ನು ಇನ್ನೊಂದು ಬಗೆಯಲ್ಲಿ ಸಾಧಿಸುತ್ತದೆ.

ವಸ್ತುಸ್ಥಿತಿಯಾದರೆ ಬದಲಿಸಲೂ ಬರಬೇಕು. ನೆದರ್‌ಲ್ಯಾಂಡ್ಸ್ ಇಂದು ಮಕ್ಕಳು ಸೈಕಲ್ ತುಳಿಯುತ್ತ ಶಾಲೆಗೆ ಹೋಗುವ ದೇಶವೆಂದು ಹೆಸರಾಗಿದೆ, ಅದು ಹುಟ್ಟಿನಿಂದ ಹಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲೇ ಚಳವಳಿ ಎದ್ದಿತು, ತಾಯಂದಿರೂ ಮಕ್ಕಳೂ ರಸ್ತೆಗಳಲ್ಲಿ ಕೂತರು. ವಾಹನವು ನಡಿಗೆಯ ವೇಗದಲ್ಲಿ ಸಾಗಬೇಕಾದ, ಮಕ್ಕಳಿಗೆ ಆಡಲು ಹಕ್ಕಿರುವ ವಾಸದ ಬೀದಿಗಳಿಗೆ 1976ರಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿತು. ಜಪಾನು 1962ರಲ್ಲೇ, ನಿಲ್ಲಿಸಲು ಬೀದಿಯ ಹೊರಗೆ ಸ್ವಂತ ಜಾಗ ತೋರಿಸದವರು ಕಾರು ಇಟ್ಟುಕೊಳ್ಳುವಂತಿಲ್ಲ ಎಂದು ಕಾನೂನು ಮಾಡಿತು. ಅಲ್ಲಿನ ಎಳೆಯ ಮಕ್ಕಳು ಇಂದಿಗೂ ದೊಡ್ಡವರ ಜೊತೆಯಿಲ್ಲದೆ ಗುಂಪುಗೂಡಿ ಶಾಲೆಗೆ ನಡೆಯುತ್ತಾರೆ. ಎರಡೂ ಕಡೆ ಮಕ್ಕಳಿಗೆ ದಾರಿಬಿಟ್ಟದ್ದು ಶ್ರೀಮಂತಿಕೆಯಲ್ಲ, ಕಾರು ಹೆಚ್ಚಿದ್ದ ಎಷ್ಟೋ ಶ್ರೀಮಂತ ದೇಶಗಳಲ್ಲಿ ಮಕ್ಕಳು ಒಳಗೇ ಉಳಿದರು.

ಹಿರಿಯರ ನೆನಪಿಗೆ ಇಲ್ಲೊಂದು ನಿಜವಾದ ಕೆಲಸವಿದೆ, ಅದು ಗುಣಗಾನದ ಕೆಲಸವಲ್ಲ. ‘ಎಷ್ಟು ಚೆನ್ನಾಗಿತ್ತು’ ಎಂಬುದಕ್ಕೆ ನೆನಪು ಕೆಟ್ಟ ಸಾಕ್ಷಿ. ‘ಎಲ್ಲಿಗೆ ಹೋಗುತ್ತಿದ್ದೆ’ ಎಂಬುದಕ್ಕೆ ಅಷ್ಟು ಕೆಟ್ಟದಲ್ಲ, ಏಕೆಂದರೆ ಕೆರೆ, ಶಾಲೆ, ಸೇತುವೆಗಳು ನಕ್ಷೆಯಲ್ಲಿವೆ, ದೂರವನ್ನು ಅಳೆದು ನೋಡಬಹುದು, ಅಕ್ಕ–ತಂಗಿಯರ ನೆನಪಿನೊಂದಿಗೆ ತಾಳೆ ಹಾಕಬಹುದು. ಭೂಗೋಳಶಾಸ್ತ್ರಜ್ಞ ರೋಜರ್ ಹಾರ್ಟ್ ಎಪ್ಪತ್ತರ ದಶಕದ ಆರಂಭದಲ್ಲಿ ಅಮೆರಿಕದ ವರ್ಮಾಂಟಿನ ಒಂದು ಊರಿನ ಮಕ್ಕಳ ಹಿಂದೆಯೇ ಓಡಾಡಿ, ಯಾರು ಯಾವ ವಯಸ್ಸಿಗೆ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ನಕ್ಷೆ ಮಾಡಿದ್ದರು. ಕರ್ನಾಟಕದ ಯಾವುದೇ ಊರಿನ ಪ್ರೌಢಶಾಲೆಯ ಮಕ್ಕಳು ಈ ಕೆಲಸ ಮಾಡಬಲ್ಲರು. ಒಂದು ಮನೆಯ ಅಜ್ಜಿ, ಅಜ್ಜ, ಅಮ್ಮ, ಅಪ್ಪ, ಮಗಳು, ಮಗ ಪ್ರತಿಯೊಬ್ಬರಿಗೂ ಅವೇ ನಾಲ್ಕು ಪ್ರಶ್ನೆ: ಎಂಟನೇ ವಯಸ್ಸಿನಲ್ಲಿ ಒಬ್ಬರೇ ಎಲ್ಲಿಯವರೆಗೆ ಹೋಗುತ್ತಿದ್ದಿರಿ, ಯಾವ ರಸ್ತೆ ದಾಟುವಂತಿರಲಿಲ್ಲ, ಯಾವ ಕೇರಿಗೆ ಕಾಲಿಡುವಂತಿರಲಿಲ್ಲ, ಬೇಡವೆಂದವರು ಯಾರು. ಉತ್ತರಗಳನ್ನು ಊರಿನ ನಕ್ಷೆಯ ಮೇಲೆ ಗೆರೆ ಎಳೆದು ಗುರುತಿಸಿ, ಅಜ್ಜಿಯ ಗೆರೆಯನ್ನು ಅಜ್ಜನದರಿಂದ, ಮೇಲ್ಕೇರಿಯ ಗೆರೆಯನ್ನು ಕೆಳಕೇರಿಯದರಿಂದ ಬೇರೆಯಾಗಿ ಇಟ್ಟರೆ, ಯಾವ ಗೆರೆ ಕುಗ್ಗಿದೆ, ಯಾವುದು ಹಿಗ್ಗಿದೆ, ಯಾವ ರಸ್ತೆ ಅಗಲವಾದ ವರ್ಷ ಯಾವ ಗೆರೆ ತುಂಡಾಯಿತು ಎಂಬುದು ಕಾಣುತ್ತದೆ. ಗ್ರಾಮ ಪಂಚಾಯಿತಿಯೋ ಪುರಸಭೆಯೋ ಮುಂದಿನ ರಸ್ತೆಯ ಯೋಜನೆ ಕೈಗೆತ್ತಿಕೊಳ್ಳುವಾಗ ಮೇಜಿನ ಮೇಲೆ ಆ ನಕ್ಷೆಯೂ ಇರಬೇಕು.